ಕುಷಾಯಿಗೂಡದ ಮೊದಲ ಗಿರಾಕಿ

ನನ್ನ ಹೊಸ ವಿಸಿಟಿಂಗ್ ಕಾರ್ಡು ಬಂದ ದಿನ ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೇಲೆ ದಪ್ಪ ಅಕ್ಷರದಲ್ಲಿ ಕಂಪನಿಯ ಹೆಸರು, ಅದರ ಪಕ್ಕ ಅವರ ಗುರುತಿನ ನೀಲಿ ಬಾಣ, ಕೆಳಗೆ ಮೂಲೆಯಲ್ಲಿ ಸಣ್ಣಗೆ ನಾನು.

"ಇದರಾಗ ನೀ ಎಲ್ಲದೀ ಯವ್ವಾ?" ಎಂದು ಕೇಳಿದರು.

ಬೆರಳಿಟ್ಟು ತೋರಿಸಿದೆ.

"ಹಾಂ, ಅದೀ ಅದೀ," ಎಂದು ಕಾರ್ಡನ್ನು ವಾಪಸು ಕೊಟ್ಟರು. "ದುಡಿಯಾಕಿ ನೀನು, ಹೆಸರು ಅವರದು. ಇದಕ್ಕ ನೀನ ರೊಕ್ಕ ಕೊಟ್ಟೀ ಬ್ಯಾರೆ."

ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಎದುರಿನವರು ಹೇಳಿದ್ದು ನಿಜವಾಗಿದ್ದರೆ ಇನ್ನೂ ಬೇಗ. ಕಾರ್ಡಿನ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದೆ.

ಅದಕ್ಕೂ ಮುಂಚೆ ನಾನು ಪಂಪು ತಯಾರಿಸುವ ಒಂದು ಖಾಸಗಿ ಕಂಪನಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉತ್ಪಾದನೆಯ ಯೋಜನೆ ನೋಡಿಕೊಳ್ಳುತ್ತಿದ್ದೆ. ಯಾವ ಯಂತ್ರದಲ್ಲಿ ಇವತ್ತು ಏನು ನಡೆಯಬೇಕು, ಯಾವ ಮಾಲು ಯಾವಾಗ ಗೇಟು ದಾಟಬೇಕು ಎನ್ನುವುದೆಲ್ಲ ನನ್ನ ತಲೆಯಿಂದ ಹೊರಟು, ಮೀಟಿಂಗಿನಲ್ಲಿ ಮೇಲಿನವರ ಬಾಯಿಂದ ಹೊರಬೀಳುತ್ತಿತ್ತು. ಮೇಲಿನವರು ಬದಲಾದರು, ಬಾಯಿ ಬದಲಾಯಿತು, ತಲೆ ಮಾತ್ರ ನನ್ನದೇ. ಕೊನೆಗೆ ಕಂಪನಿ ಕಾರ್ಖಾನೆಯನ್ನು ಬೇರೆ ರಾಜ್ಯಕ್ಕೆ ಸಾಗಿಸಿದಾಗ, ಬರುತ್ತೀರೋ ಬಿಡುತ್ತೀರೋ ಎಂದು ಕೇಳಿತು. ನಾನು ಬಿಟ್ಟೆ. ಆಗ ನನಗೆ ಐವತ್ತು ಹತ್ತಿರ. ಮದುವೆಯಾದವಳಲ್ಲ. ಕುಷಾಯಿಗೂಡದ ಮನೆಯಲ್ಲಿ ನಾನು, ಅಪ್ಪ. ಅಪ್ಪ ಅಲ್ಲಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ನಿವೃತ್ತರಾದವರು. ಇನ್ನೊಬ್ಬರ ಕೈಕೆಳಗೆ ಕೂರುವ ಆಸೆ ನನ್ನಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ. ನನ್ನ ತಲೆಯಿಂದ ಹೊರಟದ್ದು ಇನ್ನು ನನ್ನ ಬಾಯಿಂದಲೇ ಬರಬೇಕೆಂದು ಹಟ ಹಿಡಿದೆ.

ಸಣ್ಣ ಕಾರ್ಖಾನೆಗಳಿಗೆ, ಅಂಗಡಿಗಳಿಗೆ ವ್ಯವಹಾರದ ಸಲಹೆ ಕೊಡುವ ಕನ್ಸಲ್ಟೆನ್ಸಿ ಶುರು ಮಾಡಬೇಕೆಂದರೆ ನನ್ನನ್ನು ಯಾರು ನಂಬಬೇಕು? ಅದಕ್ಕೇ ಫ್ರಾಂಚೈಸಿ ತೆಗೆದುಕೊಂಡೆ. ಇಡ್ಲಿ ಅಂಗಡಿಗೆ ಫ್ರಾಂಚೈಸಿ ಇರುವ ಹಾಗೆ ಬುದ್ಧಿ ಹೇಳುವುದಕ್ಕೂ ಇದೆ ಎಂಬುದು ನನಗೂ ಆಗಲೇ ಗೊತ್ತಾದದ್ದು. ಹೆಸರು, ಪುಸ್ತಕ, ಕೇಳಬೇಕಾದ ಪ್ರಶ್ನೆಗಳು, ವರದಿ ಬರೆಯುವ ಮಾದರಿ, ಎಲ್ಲ ಅವರೇ ಕೊಡುತ್ತಾರೆ. ಗಿರಾಕಿಯನ್ನು ಹುಡುಕುವುದು, ದುಡಿಯುವುದು ನಮ್ಮ ಪಾಲು.

ತರಬೇತಿ ನಗರದ ಇನ್ನೊಂದು ತುದಿಯ ಗಚ್ಚಿಬೌಲಿಯ ಒಂದು ಹೋಟೆಲಿನಲ್ಲಿ. ಎಸಿ ಎಷ್ಟು ತಣ್ಣಗಿತ್ತೆಂದರೆ ಅಲ್ಲಿ ಕೋಟು ಹಾಕುವುದು ಸರಿಯೆಂದೇ ಅನ್ನಿಸಿತು. ಹೊರಗೆ ಬಂದ ಮೇಲೂ ಹಾಕಬೇಕೆಂದು ಹೇಳಿದರು. ನಮ್ಮ ಕೋಚ್ ನನಗಿಂತ ಎಷ್ಟೋ ಚಿಕ್ಕವನು, ಹಲ್ಲು ಬಹಳ ಬಿಳಿ. ಗಿರಾಕಿಯ ನೋವಿನ ಜಾಗ ಎಲ್ಲಿದೆ ಎಂದು ಹುಡುಕಬೇಕು, ಸಿಕ್ಕಿದ ಮೇಲೆ ಬೆರಳಿಟ್ಟು ಒತ್ತಬೇಕು, ಅವರು ಹಾ ಎಂದಾಗ ಕರಾರಿನ ಕಾಗದ ಮುಂದಿಡಬೇಕು ಎಂದು ಕಲಿಸಿದ. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ.

ಕರಾರಿನಲ್ಲಿ ಒಂದು ಷರತ್ತಿತ್ತು. ನನಗೆ ಕುಷಾಯಿಗೂಡ ಮತ್ತು ಸುತ್ತಲಿನ ಪ್ರದೇಶದ ಹಕ್ಕು ಕೊಟ್ಟಿದ್ದರು. ಮೊದಲ ವರ್ಷದೊಳಗೆ ಒಬ್ಬ ಗಿರಾಕಿಯಾದರೂ ವರ್ಷಪೂರ್ತಿಯ ಕರಾರಿಗೆ ಸಹಿ ಹಾಕದಿದ್ದರೆ ಆ ಪ್ರದೇಶ ಬೇರೆಯವರಿಗೆ ಹೋಗುತ್ತದೆ. ಬೇರೆಯವರು ಎಂದರೆ ಯಾರೆಂದೂ ನನಗೆ ಗೊತ್ತಿತ್ತು. ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ಗಚ್ಚಿಬೌಲಿಯವರು. ಅವರಿಗೆ ಎರಡು ತಿಂಗಳಿಗೇ ಗಿರಾಕಿಗಳು ಸಿಕ್ಕಿದ್ದರು, ಇನ್ನಷ್ಟು ಜಾಗ ಬೇಕೆಂದು ಕೇಳುತ್ತಿದ್ದರು. ನಾನು ಹುಟ್ಟಿ ಬೆಳೆದ ಬೀದಿಗಳಿಗೆ ಅವರು ಕಾರಿನಲ್ಲಿ ಬಂದು ಬುದ್ಧಿ ಹೇಳುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆಯನ್ನು ಹೇಳಿಬಿಡಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಅಪ್ಪ ಬೀದರ್ ಕಡೆಯಿಂದ ಬಂದವರು. ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತಾಡಿದರೆ ಅವರಿಗೆ ಆಗುತ್ತಿರಲಿಲ್ಲ. ಹೊಸ್ತಿಲು ದಾಟಿದರೆ ಕನ್ನಡ ಬಾಯಿಗೆ ಬರಕೂಡದು. ಎದುರಿನವರದು ತೆಲುಗಾದರೆ ತೆಲುಗು, ಹಿಂದಿಯಾದರೆ ಹಿಂದಿ. "ಮಂದಿ ಊರಾಗ ಮಂದಿ ಹಂಗ ಇರಬೇಕು," ಎನ್ನುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕನ್ನಡ ಮಾತಾಡಿದರೂ ನಾವು ಮುಖ ಬದಲಿಸದೆ ಕಿಟಕಿಯಾಚೆ ನೋಡುತ್ತಿದ್ದೆವು. ನಾವು ಹೊರಗಿನವರೆಂದು ಇಡೀ ಕಾರ್ಖಾನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ ಎನ್ನುವುದು ಅಪ್ಪನ ಹೆಮ್ಮೆ. ನನಗೂ ಅದು ಅಂಟಿಕೊಂಡಿತ್ತು.

ಕೋಟು ಹಾಕಿಕೊಂಡು ಸ್ಕೂಟರಿನಲ್ಲಿ ಬಾಗಿಲು ಬಾಗಿಲು ಅಲೆದೆ. ಮಸಾಲೆ ಪುಡಿ ತಯಾರಿಸುವವರೊಬ್ಬರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ ಜಿಎಸ್‌ಟಿ ತುಂಬಿಕೊಡುತ್ತೀರಾ ಎಂದರು. ಒಂದು ಫಂಕ್ಷನ್ ಹಾಲಿನ ಒಡೆಯರು ನಾನು ವಿಮೆ ಮಾರಲು ಬಂದವಳೆಂದುಕೊಂಡು, ಈಗಾಗಲೇ ಮಾಡಿಸಿದ್ದೇನೆ ಎಂದು ಬಾಗಿಲಲ್ಲೇ ಕೈಮುಗಿದರು. ಬೇಸಿಗೆ ಬಂತು, ಕೋಟಿನ ಕಂಕುಳಲ್ಲಿ ಬೆವರಿನ ಬಿಳಿ ಗೆರೆ ಮೂಡಿತು. ತೊಳೆದು ಇಸ್ತ್ರಿ ಮಾಡಿ ಮತ್ತೆ ಹಾಕಿದೆ. ಒಂದು ದಿನವೂ ಮನೆಯಲ್ಲಿ ಕೂರಲಿಲ್ಲ. ಅಪ್ಪ ಸಂಜೆ ಏನನ್ನೂ ಕೇಳದೆ ತಾವೇ ಚಹಾ ಮಾಡಿ ಕೊಡುತ್ತಿದ್ದರು, ಅದು ಬೈದದ್ದಕ್ಕಿಂತ ಕಷ್ಟವಾಗುತ್ತಿತ್ತು.

ವರ್ಷ ಮುಗಿಯಲು ಒಂದೆರಡು ತಿಂಗಳಿದ್ದಾಗ ಆ ಶೆಡ್ಡು ಸಿಕ್ಕಿತು. ತಗಡು ಕತ್ತರಿಸಿ, ಬಗ್ಗಿಸಿ, ವಿದ್ಯುತ್ ಪ್ಯಾನೆಲ್ಲುಗಳನ್ನು ಕೂರಿಸುವ ಪೆಟ್ಟಿಗೆ ಮಾಡುವ ಕಾರ್ಖಾನೆ. ಹತ್ತಾರು ಕೆಲಸಗಾರರು. ಮಾಲೀಕರು ನನ್ನ ವಯಸ್ಸಿನವರೇ, ಗಟ್ಟಿ ಆಳು, ಎದುರಿನವರ ಮುಖವನ್ನು ಸ್ವಲ್ಪ ತಲೆ ಓರೆ ಮಾಡಿ ನೋಡುವ ಅಭ್ಯಾಸ. ಅವರ ಹೆಂಡತಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ತೆಲುಗಿನಲ್ಲಿ ಮಾತಾಡಿದೆವು. ಕೆಲಸ ಒಳ್ಳೆಯದೇ, ಆರ್ಡರೂ ಇದೆ, ಆದರೆ ಮಾಲು ಹೇಳಿದ ದಿನಕ್ಕೆ ಹೋಗುವುದಿಲ್ಲ, ದೊಡ್ಡ ಗಿರಾಕಿಯೊಬ್ಬರು ಬಿಟ್ಟುಹೋಗುವ ಮಾತಾಡುತ್ತಿದ್ದಾರೆ ಎಂದರು. ನನಗೆ ಒಳಗೇ ಕುಣಿಯುವಂತಾಯಿತು. ಹೇಳಿದ ದಿನಕ್ಕೆ ಮಾಲು ಹೊರಡಿಸುವುದೇ ನಾನು ಜನ್ಮವಿಡೀ ಮಾಡಿದ ಕೆಲಸ. ಉಚಿತ ತಪಾಸಣೆ ಮಾಡುತ್ತೇನೆ, ವರದಿ ನೋಡಿ ಆಮೇಲೆ ತೀರ್ಮಾನಿಸಿ ಎಂದೆ. ಅವರ ಹೆಂಡತಿ ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗ ನಮ್ಮ ಮನೆಯಂಥದೇ ಶೇಂಗಾ ಹಿಂಡಿಯ ಘಮ ಬಂತು. ಮೂಗಿಗೆ ಗೊತ್ತಾಯಿತು, ತಲೆಗೆ ಗೊತ್ತಾಗಲಿಲ್ಲ.

ಎರಡನೆಯ ಸಲ ಬೆಳಿಗ್ಗೆಯೇ ಹೋಗಿ ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ. ಆದರೆ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಬೇಕಾದರೆ ಕೂತು ನೋಡಬೇಕು, ಬೇರೆ ದಾರಿಯಿಲ್ಲ. ಕೆಲಸಗಾರರು ಬಂದರು, ಕೈಕಾಲು ತೊಳೆದರು, ಬೀಡಿ ಸೇದಿದರು, ಯಂತ್ರಕ್ಕೆ ಎಣ್ಣೆ ಹಾಕಿದರು. ಶುರು ಮಾತ್ರ ಮಾಡಲಿಲ್ಲ. ಹತ್ತು ಗಂಟೆ ದಾಟಿದ ಮೇಲೆ ಮಾಲೀಕರು, ಅವರ ಹೆಂಡತಿ ಬಂದರು. ಆಕೆಯ ಹೆಗಲಿಗೆ ಬಟ್ಟೆಯ ಚೀಲ. ಗೇಟಿನ ಹತ್ತಿರವಿದ್ದವನು ಒಳಗೆ ತಿರುಗಿ, "ಥೈಲಾ ಆಗಯಾ!" ಎಂದು ಚೀಲ ಬಂದ ಸುದ್ದಿಯನ್ನು ಹಿಂದಿಯಲ್ಲಿ ಕೂಗಿದ. ಚೀಲದಿಂದ ಡ್ರಾಯಿಂಗುಗಳ ಸುರುಳಿ ಹೊರಬಂತು. ಮಾಲೀಕರು ಒಂದೊಂದನ್ನೇ ಕೈಯಲ್ಲಿ ಹಿಡಿದು ಯಾವ ತಗಡು, ಎಷ್ಟು ಅಳತೆ, ಎಲ್ಲಿ ತೂತು ಎಂದು ಕಾಗದದ ಕಡೆ ನೋಡದೆಯೇ ಗಡಗಡನೆ ಹೇಳಿದರು. ಆಮೇಲೆ ಯಂತ್ರಗಳು ಸದ್ದು ಮಾಡಿದವು. ಸಂಜೆ ಹೊಸ ಡ್ರಾಯಿಂಗುಗಳು ಬಂದವು. ಯಾರೂ ಬಿಚ್ಚಲಿಲ್ಲ, ಅವು ಮತ್ತೆ ಚೀಲ ಸೇರಿ ಮನೆಗೆ ಹೋದವು. ಇಡೀ ಕಾರ್ಖಾನೆ ಒಂದು ಬಟ್ಟೆಯ ಚೀಲಕ್ಕಾಗಿ ಕಾಯುತ್ತಿದೆ ಎನ್ನುವಷ್ಟು ನನಗೆ ತಿಳಿಯಿತು. ಯಾಕೆ ಎಂದು ತಿಳಿಯಲಿಲ್ಲ.

ಮೂರನೆಯ ಭೇಟಿ ಪ್ರಶ್ನೆಗಳದು. ಕೋಟು ಹಾಕಿಕೊಂಡು ಹೋಗಿ ಅವರ ಪುಟ್ಟ ಆಫೀಸು ಕೋಣೆಯಲ್ಲಿ ಇಬ್ಬರ ಎದುರು ಕೂತು, ಪುಸ್ತಕದ ಇಂಗ್ಲಿಷ್ ಪ್ರಶ್ನೆಗಳನ್ನು ತೆಲುಗಿಗೆ ತಿರುಗಿಸಿ ಕೇಳಿದೆ. ನೀವು ಹದಿನೈದು ದಿನ ಊರಲ್ಲಿಲ್ಲದಿದ್ದರೆ ಇಲ್ಲಿ ಯಾವ ಕೆಲಸ ನಿಲ್ಲುತ್ತದೆ ಎನ್ನುವುದು ಅದರಲ್ಲೊಂದು. ಏನೂ ನಿಲ್ಲುವುದಿಲ್ಲ ಮೇಡಂ, ಹುಡುಗರು ನೋಡಿಕೊಳ್ಳುತ್ತಾರೆ ಎಂದು ಮಾಲೀಕರು ತೆಲುಗಿನಲ್ಲಿ ಹೇಳಿ ನಕ್ಕರು.

ಆಗ ಪಕ್ಕದಲ್ಲಿದ್ದ ಹೆಂಡತಿ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಹೇಳಿದರು: "ಖರೇ ಹೇಳ್ರಿ. ರಾತ್ರಿ ನಾ ಓದಿ ಹೇಳೋತನಕ ಒಂದ್ ತಗಡೂ ಕಟ್ ಆಗೂದಿಲ್ಲ. ಅದೊಂದು ಹೇಳಿದ್ರ ಈಕಿ ಏನಾರ ದಾರಿ ತೋರಿಸ್ಯಾಳು."

ಅಚ್ಚ ಕನ್ನಡ. ನಮ್ಮ ಅಡುಗೆಮನೆಯ ಕನ್ನಡ.

ಮಾಲೀಕರು ನನ್ನ ಕಡೆಗಿಟ್ಟ ನಗುವನ್ನು ಕದಲಿಸದೆ ಕನ್ನಡದಲ್ಲೇ ಉತ್ತರ ಕೊಟ್ಟರು: "ಈಕಿ ಏನ್ ತೋರಸ್ತಾಳ? ಉರು ಹೊಡದದ್ದು ಒಪ್ಪಸಾಕತ್ತಾಳ. ಆ ಕೋಟ್ ನೋಡು, ಈ ಬಿಸಲಾಗ."

"ಕೋಟಿನ ಸುದ್ದಿ ಬಿಡ್ರಿ. ಶುಗರ್ ಕಣ್ಣಿಗಿ ಬಡದೈತಿ ಅಂತ ಡಾಕ್ಟರ್ ಹೇಳಿ ಎಷ್ಟ್ ದಿನಾ ಆತು? ಎಡಗಣ್ಣು ಹೋತು. ಬಲಗಣ್ಣಾಗ ಈ ಸಣ್ಣ ಅಂಕಿ ಕಾಣಸ್ತಾವೇನು ನಿಮಗ?"

"ಸುಮ್ನಿರು. ಗೊತ್ತಾದ್ರ ನಾಳೆ ಹುಡುಗೂರು ನನ್ನ ಮಾತು ಕೇಳ್ತಾರೇನು? ಅಳತಿ ಕಾಣದಾಂವಗ ಆರ್ಡರ್ ಯಾರ್ ಕೊಡ್ತಾರ?"

ಮೊದಲ ಮಾತಿಗೇ ನಾನು ಬಾಯಿ ಬಿಡಬೇಕಿತ್ತು. ಆದರೆ ಹೊಸ್ತಿಲಾಚೆ ಕನ್ನಡ ಕಿವಿಗೆ ಬಿದ್ದರೆ ಮುಖ ಬದಲಿಸದೆ ಇರುವುದು ನನಗೆ ಬಾಲ್ಯದಿಂದ ಬಂದ ರೂಢಿ, ಅದು ತಾನೇ ಕೆಲಸ ಮಾಡಿತು. ಎರಡನೆಯ ಮಾತು ಮುಗಿಯುವಷ್ಟರಲ್ಲಿ ತಡವಾಗಿತ್ತು. ಅಂಥ ವಿಷಯ ಕೇಳಿಸಿಕೊಂಡ ಮೇಲೆ ನನಗೂ ಕನ್ನಡ ಬರುತ್ತದೆ ಎಂದು ಹಲ್ಲು ಕಿರಿಯುವುದು ಹೇಗೆ? ಮಾಲೀಕರು ತೆಲುಗಿಗೆ ಮರಳಿ, ಮುಂದಿನ ಪ್ರಶ್ನೆ ಕೇಳಿ ಮೇಡಂ ಎಂದರು. ನಾನು ಕೇಳಿದೆ, ತೆಲುಗಿನಲ್ಲಿ. ನನ್ನ ದನಿ ನನಗೇ ಉರು ಹೊಡೆದದ್ದನ್ನು ಒಪ್ಪಿಸಿದ ಹಾಗೆ ಕೇಳಿಸಿತು.

ಸ್ಕೂಟರಿನ ಹತ್ತಿರ ಬಂದು ಮೊದಲು ಮಾಡಿದ ಕೆಲಸವೆಂದರೆ ಕೋಟು ಬಿಚ್ಚಿ ಸೀಟಿನ ಕೆಳಗೆ ತುರುಕಿದ್ದು.

ವಾರಕ್ಕೊಮ್ಮೆ ಕೋಚ್ ಜೊತೆ ವಿಡಿಯೊ ಮಾತುಕತೆ ಇರುತ್ತಿತ್ತು. ಯಾರೆಂದು, ಏನೆಂದು ಹೇಳದೆ, ಮಾಲೀಕರೊಬ್ಬರು ಮುಚ್ಚಿಟ್ಟ ಒಂದು ವಿಷಯ ನನ್ನ ಕಿವಿಗೆ ಬಿದ್ದಿದೆ, ಅವರು ನನಗೆ ಹೇಳಿದ್ದಲ್ಲ ಎಂದೆ. ಕೋಚ್ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದ. "ನಿಮಗೆ ಚಿನ್ನ ಸಿಕ್ಕಿದೆ," ಎಂದ. "ಅದೇ ನೋವಿನ ಜಾಗ. ಹೇಗೆ ಗೊತ್ತಾಯಿತೆಂದು ಹೇಳಬೇಡಿ, ನಿಮ್ಮ ತಪಾಸಣೆಯಿಂದಲೇ ಗೊತ್ತಾದ ಹಾಗೆ ವರದಿಯ ಮೊದಲ ಪುಟದಲ್ಲಿ ಹಾಕಿ. ಬೆರಗಾಗುತ್ತಾರೆ, ಹೆದರುತ್ತಾರೆ, ಸಹಿ ಹಾಕುತ್ತಾರೆ." ಆಮೇಲೆ ದನಿ ತಗ್ಗಿಸಿ, ಗಚ್ಚಿಬೌಲಿಯವರು ನಿಮ್ಮ ಪ್ರದೇಶದ ಬಗ್ಗೆ ಮತ್ತೆ ವಿಚಾರಿಸಿದ್ದಾರೆ ಎಂದೂ ಸೇರಿಸಿದ.

ಅವನು ಹೇಳಿದ ಹಾಗೆ ಮಾಡಿದ್ದರೆ ಕೆಲಸ ಆಗುತ್ತಿತ್ತು. ಅದೇ ನನ್ನನ್ನು ಸುಟ್ಟದ್ದು. ಆ ಮನುಷ್ಯ ಓರೆ ತಲೆ ಮಾಡಿಕೊಂಡು ಆ ವರದಿಯನ್ನು ಹೆಂಡತಿಯ ಕೈಯಲ್ಲಿ ಓದಿಸುವುದು, ಆಕೆಯ ದನಿ ಮೊದಲ ಪುಟದಲ್ಲೇ ಕಟ್ಟಿಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ಪ್ರದೇಶ ಹೋದರೆ ಹೋಗಲಿ ಎಂದು ಸುಲಭವಾಗಿ ಹೇಳಿಬಿಡಲು ನಾನು ಸಂತಳಲ್ಲ. ಅದು ನನಗೆ ಬೇಕಿತ್ತು, ಬಹಳ ಬೇಕಿತ್ತು. ಆದರೆ ಅಷ್ಟು ವರ್ಷ ನನ್ನ ತಲೆಯಲ್ಲಿದ್ದದ್ದನ್ನು ಕದ್ದು ತಮ್ಮದೆಂದು ಆಡಿದವರ ಮೇಲೆ ನಾನು ಕೆಂಡ ಕಾರಿದ್ದೆ. ಈಗ ಇನ್ನೊಬ್ಬರ ಮನೆಯ ಮಾತನ್ನು ಕದ್ದು ನನ್ನ ಜಾಣತನವೆಂದು ಮಾರಿದರೆ ಆ ಸಿಟ್ಟಿಗೆ ಏನು ಅರ್ಥ?

ಅಪ್ಪನಿಗೆ ಕಣ್ಣಿನ ವಿಷಯ ಹೇಳಲಿಲ್ಲ. ಅವರು ಕನ್ನಡದವರು ಎನ್ನುವುದನ್ನಷ್ಟೇ ಹೇಳಿದೆ.

"ಮೂರ್ ಸಲ ಹೋಗಿ, ಯಾವ ಊರ್ರಿ ಅಂತ ಒಂದ್ ಮಾತ್ ಕೇಳಲಿಲ್ಲಾ ನೀ?" ಎಂದರು.

"ಕೇಳಬಾರದು ಅಂತ ಕಲಿಸಿದವರು ಯಾರ್ರಿ?" ಎಂದು ರೇಗಿದೆ.

ಅಪ್ಪ ಒಂದು ಹಳೆಯ ಕಥೆ ಹೇಳಿದರು. ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಒಬ್ಬರೊಂದಿಗೆ ಒಂದೇ ಬೆಂಚಿನಲ್ಲಿ ಊಟ ಮಾಡಿದ್ದರಂತೆ, ತೆಲುಗಿನಲ್ಲೇ ಮಾತು. ಆ ಜೊತೆಯವರ ನಿವೃತ್ತಿಯ ದಿನ ಊರಿಂದ ಬಂದ ಅವರ ತಾಯಿ ಕನ್ನಡದಲ್ಲಿ ಮಗನಿಗೆ ದೃಷ್ಟಿ ತೆಗೆದಾಗ ಗೊತ್ತಾಯಿತಂತೆ, ಕಲಬುರಗಿಯವರೆಂದು. "ನಾನೂ ಹೇಳಲಿಲ್ಲ, ಆಂವಾನೂ ಹೇಳಲಿಲ್ಲ. ಕೈ ಕುಲಿಕಿ ಬಂದ್ವಿ. ಅದರಾಗ ಏನ್ ದೊಡ್ಡಸ್ತನ ಇತ್ತೋ ಏನೋ," ಎಂದು ಎದ್ದುಹೋದರು. ಅಪ್ಪ ತಮ್ಮ ಕಟ್ಟಳೆಯ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮರುದಿನ ಹತ್ತಿ ಸೀರೆ ಉಟ್ಟು ಶೆಡ್ಡಿಗೆ ಹೋದೆ. ಗಂಡ ಹೆಂಡತಿ ಆಫೀಸು ಕೋಣೆಯಲ್ಲೇ ಇದ್ದರು. ಕೂರುವ ಮೊದಲೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆಂದು.

"ಅಣ್ಣಾರ, ನಾನೂ ಕನ್ನಡದಾಕೀನ ಅದೀನ್ರಿ. ಮೊನ್ನೆ ನೀವಿಬ್ಬರೂ ಮಾತಾಡಿದ್ದು ನನಗೆಲ್ಲಾ ತಿಳೀತು. ಆಗ ಹೇಳಬೇಕಾಗಿತ್ತು, ಹೇಳಲಿಲ್ಲ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾಲೀಕರ ಮುಖದಲ್ಲಿದ್ದ ನಗು ನಿಂತುಹೋಯಿತು.

"ಎಲ್ಲಾ?"

"ಎಲ್ಲಾ ರೀ. ಕೋಟಿನ ಸುದ್ದೀನೂ."

ಸೆರಗಿನ ಹಿಂದಿನಿಂದ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮಾಲೀಕರು ನಗಲಿಲ್ಲ. "ಮೂರ್ ಸಲ ಬಂದ್ರಿ. ಒಂದ್ ಸಲಾನೂ ಬಾಯಿ ಬಿಡಲಿಲ್ಲ," ಎಂದರು.

"ನೀವೂ ಬಿಡಲಿಲ್ರಿ."

"ಇದು ನನ್ನ ಜಾಗಾ. ಇಲ್ಲಿ ನಾ ಯಾರ ಮುಂದ ಏನ್ ಮಾತಾಡಬೇಕು ಅನ್ನೂದು ನನ್ನ ಮರ್ಜಿ. ನೀವು ನನ್ನ ಮನೀ ಮಾತು ಕೇಳಿದ್ರಿ."

"ಹೌದ್ರಿ," ಎಂದೆ. "ಅದಕ್ಕ ವರದಿ ಬರಿಯೂದಿಲ್ರಿ. ಆ ಮಾತು ಬಿಟ್ಟು ಬರದ್ರ ಸುಳ್ಳಾಗ್ತದ, ಹಾಕಿ ಬರದ್ರ ಕಳವಾಗ್ತದ. ನಿಮ್ಮ ಸುದ್ದಿ ಯಾರ ಮುಂದೂ ಹೇಳಿಲ್ಲ, ಹೇಳೂದೂ ಇಲ್ಲ."

"ಆತು. ಹೋಗಿ ಬರ್ರಿ," ಎಂದು ಅವರು ಎದ್ದು ನಿಂತರು.

ಬಾಗಿಲವರೆಗೆ ಬಂದೆ. ಸುಮ್ಮನೆ ಹೋಗಬಹುದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಬೇಕಲ್ಲ.

"ಒಂದ್ ಮಾತ್ರ ಹೇಳ್ತೀನ್ರಿ, ಇದು ಕದ್ದು ಕೇಳಿದ್ದಲ್ಲ, ನಾನ ಕಣ್ಣಾರೆ ನೋಡಿದ್ದು. ಹುಡುಗೂರಿಗೆ ಗೊತ್ತಿಲ್ಲ ಅಂತ ನೀವು ತಿಳಕೊಂಡೀರಿ. ಮುಂಜಾನೆ ಅವರು ನಿಮ್ಮ ದಾರಿ ಕಾಯಂಗಿಲ್ಲ, ಅಕ್ಕಾರ ಚೀಲದ ದಾರಿ ಕಾಯ್ತಾರ. ದಿನಾ ಚೀಲ ನೋಡಾವ್ರಿಗೆ ಅದರಾಗ ಏನೈತಿ ಅಂತ ತಿಳಿಯೂದಿಲ್ಲೇನ್ರಿ?"

ನಾನು ಹೊರಗೆ ಬಂದೆ. ಸ್ಕೂಟರು ಹತ್ತಿ ಮನೆ ಕಡೆ ತಿರುಗಿಸಿದೆ.

ಅಲ್ಲಿಂದ ಮುಂದೆ ದಿನಗಳು ಓಡಿದವು. ನಾನೂ ಓಡಿದೆ. ಕೋಟನ್ನು ಮತ್ತೆ ಹಾಕಲಿಲ್ಲ. ಯಾವ ಬಾಗಿಲಿಗೆ ಹೋದರೂ ಹೆಸರಿನ ಜೊತೆಗೇ, ನಮ್ಮದು ಬೀದರ್ ಕಡೆ, ಮನೆಮಾತು ಕನ್ನಡ ಎಂದು ಹೇಳಿಬಿಡುವ ಹೊಸ ಕಟ್ಟಳೆ ಮಾಡಿಕೊಂಡೆ. ಕೇಳಿದವರು, ಅದನ್ನು ನಮಗೇಕೆ ಹೇಳುತ್ತೀರಿ ಎಂಬಂತೆ ನೋಡುತ್ತಿದ್ದರು. ಒಬ್ಬ ಬಟ್ಟೆ ಅಂಗಡಿಯವರು ಮಾತ್ರ ಅಳತೆಪಟ್ಟಿ ಕೆಳಗಿಟ್ಟು, "ಹೌದೇನ್ರಿ? ನಮ್ದೂ ಜಹೀರಾಬಾದ್ ಕಡೀ ಕನ್ನಡಾನ," ಎಂದು ಕೂರಿಸಿ ಚಹಾ ತರಿಸಿದರು. ಅವರಿಗೆ ಸಲಹೆ ಬೇಡವಾಗಿತ್ತು, ಮಾತು ಬೇಕಿತ್ತು. ಅದೂ ಆಗಲಿ ಎಂದು ಕೂತು ಮಾತಾಡಿದೆ. ಪ್ರದೇಶ ಹೋದರೂ ಸರಿ, ಈ ಹೆಸರಿಲ್ಲದೆ, ನೀಲಿ ಬಾಣವಿಲ್ಲದೆ ಬರಿಗೈಯಲ್ಲಾದರೂ ಇದೇ ಕೆಲಸ ಮಾಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೂ ಬೆಳಿಗ್ಗೆ ಎದ್ದರೆ ಮೊದಲು ಕ್ಯಾಲೆಂಡರು ನೋಡುತ್ತಿದ್ದೆ.

ಗಡುವಿಗೆ ಒಂದು ವಾರವೂ ಉಳಿದಿರಲಿಲ್ಲ. ಮಧ್ಯಾಹ್ನ ಫೋನು ಬಂತು.

"ಅಕ್ಕಾರ, ನಾನ್ರಿ, ತಗಡಿನ ಶೆಡ್ಡಿನಾಕಿ. ಬರ್ತೀರೇನು? ನೀವಂದ ಚೀಲದ ಮಾತು ಇವರ ತಲಿಯಾಗ ಕುಂತೈತಿ, ಕರ್ಯಾಕತ್ತಾರ. ಆ ಕರಾರಿನ ಕಾಗದ ಐತಲ್ಲ, ಅದನ್ನೂ ತಗೊಂಡ್ ಬರ್ರಿ."

ಹೋದಾಗ ಮಾಲೀಕರು ಆಫೀಸು ಕೋಣೆಯಲ್ಲಿರಲಿಲ್ಲ. ಶೆಡ್ಡಿನ ನಡುವೆ, ತಗಡು ಬಗ್ಗಿಸುವ ಯಂತ್ರದ ಪಕ್ಕ ನಿಂತಿದ್ದರು. ನನ್ನನ್ನು ನೋಡಿ ಕೈಯೆತ್ತಿ ಎಲ್ಲ ಯಂತ್ರಗಳನ್ನು ನಿಲ್ಲಿಸಲು ಹೇಳಿದರು. ಸದ್ದು ಅಡಗಿತು. ಕೆಲಸಗಾರರು ಕೈಯ ಕೆಲಸ ಬಿಟ್ಟು ನಿಂತರು. ನಾನು ಕಾಗದ ಕೊಟ್ಟೆ. ಅವರು ಅಭ್ಯಾಸಬಲದಿಂದ ಅದನ್ನು ಮುಖದ ಹತ್ತಿರ ಹಿಡಿದು, ತಲೆ ಓರೆ ಮಾಡಿ, ಒಂದು ಹಾಳೆ ಮಗುಚಿದರು. ಅಷ್ಟಕ್ಕೆ ನಿಲ್ಲಿಸಿ ಕಾಗದವನ್ನು ನನಗೇ ವಾಪಸು ಕೊಟ್ಟರು.

"ನನಗ ಕಣ್ಣು ಕಾಣಂಗಿಲ್ಲ," ಎಂದರು, ಶೆಡ್ಡಿನ ಕೊನೆಯವರೆಗೆ ಕೇಳುವ ಹಾಗೆ. "ಓದಿ ಹೇಳ್ರಿ ಅಕ್ಕಾರ. ಕನ್ನಡದಾಗ ಹೇಳ್ರಿ, ಎಲ್ಲಾರೂ ಕೇಳ್ಲಿ."

ಕೆಲಸಗಾರರಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯವರು. ಅದೂ ನನಗೆ ಆಗಲೇ ತಿಳಿದದ್ದು, ಹೊರಗಿನವರೆದುರು ಅವರೂ ಹಿಂದಿಯನ್ನೇ ಆಡುತ್ತಿದ್ದರು. ಒಬ್ಬರೂ ಗಾಬರಿಯಾಗಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳಲೂ ಇಲ್ಲ. ಸೂಪರ್‌ವೈಸರ್ ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡು ಒಂದು ಸ್ಟೂಲು ತಂದು ಮಾಲೀಕರ ಹಿಂದೆ ಇಟ್ಟು, "ಕುಂದ್ರಿ ಸಾವಕಾರ್ರ," ಎಂದ. ಅವರಿಗೆಲ್ಲ ಗೊತ್ತೇ ಇತ್ತು.

ಮಾಲೀಕರು ಕೂತರು. ನಾನು ನಿಂತೇ ಓದಿದೆ. ಆ ಇಂಗ್ಲಿಷಿನ ಒಂದೊಂದೇ ಸಾಲನ್ನು ನಮ್ಮ ಮನೆಯ ಮಾತಿಗೆ ತರುತ್ತಾ ಹೋದೆ. ವಾರಕ್ಕೆ ಇಷ್ಟು ಸಲ ಬರುತ್ತೇವೆ, ಇಂಥದ್ದು ನೋಡುತ್ತೇವೆ, ಗುಟ್ಟು ಕಾಯುತ್ತೇವೆ. ಎಲ್ಲ ಸರಾಗವಾಗಿ ಬಂತು. ಮೂರನೆಯ ಹಾಳೆಯಲ್ಲಿ ನಿಂತುಬಿಟ್ಟೆ.

"ಯಾಕ ನಿಂತ್ರಿ?"

"ಇಲ್ಲಿ... ನಮ್ಮ ಮಾತು ಕೇಳಿ ನಿಮ್ಮ ಧಂದೆ ಕೆಟ್ರ ನಮಗ ಸಂಬಂಧ ಇಲ್ಲ ಅಂತ ಬರದಾರ್ರಿ."

ಯಂತ್ರದ ಹಿಂದಿನಿಂದ ಯಾರೋ ಕಿಸಕ್ಕೆಂದರು. ತರಬೇತಿಯಲ್ಲಿ ಆ ಸಾಲನ್ನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಓದಿದ್ದೆ, ತಲೆಯಾಡಿಸಿದ್ದೆ. ಕನ್ನಡದಲ್ಲಿ, ಆ ಮನುಷ್ಯನ ಮುಖಕ್ಕೆ ಹೇಳಿದಾಗ ನಾಲಿಗೆಗೆ ಕಹಿಯಾಯಿತು.

ಮಾಲೀಕರೂ ಮುಗುಳ್ನಕ್ಕರು. "ಅವರು ಬರದಾರ, ಆತು. ನೀವು ಏನಂತೀರಿ?"

ಕರಾರಿನ ಒಂದು ಅಕ್ಷರವನ್ನೂ ಬದಲಿಸುವ ಅಧಿಕಾರ ನನಗಿಲ್ಲ ಎಂದು ನಾನೇ ಬೇರೊಂದು ಕಾಗದದಲ್ಲಿ ಸಹಿ ಮಾಡಿದ್ದೆ. ಬದಲಿಸಿದರೆ ಇದನ್ನು ಗಿರಾಕಿಯೆಂದು ಲೆಕ್ಕಕ್ಕೆ ಹಿಡಿಯದೆಯೂ ಇರಬಹುದು, ಪ್ರದೇಶವೂ ಹೋಗಬಹುದು. ಅದೆಲ್ಲ ತಲೆಯಲ್ಲಿ ಹಾದುಹೋಯಿತು. ಯಂತ್ರದ ಮೇಜಿನ ಮೇಲೆ ಕಾಗದವಿಟ್ಟು, ಪೆನ್ನು ತೆಗೆದು ಆ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದೆ. ಪಕ್ಕದಲ್ಲಿ ನನ್ನ ಹೆಸರು ಬರೆದೆ, ಪೂರ್ತಿಯಾಗಿ, ಕಾರ್ಡಿನಲ್ಲಿದ್ದದ್ದಕ್ಕಿಂತ ಬಹಳ ದೊಡ್ಡದಾಗಿ.

"ನನಗ ಸಂಬಂಧ ಐತ್ರಿ," ಎಂದೆ.

ಮಾಲೀಕರು ಕೈ ಚಾಚಿದರು. ಹೆಂಡತಿ ಸಹಿಯ ಜಾಗದಲ್ಲಿ ಬೆರಳಿಟ್ಟು ತೋರಿಸಿದರು, ಅವರು ಆ ಬೆರಳನ್ನು ಮುಟ್ಟಿ ನೋಡಿ ಅದರ ಪಕ್ಕ ಸಹಿ ಹಾಕಿದರು. ಆಮೇಲೆ ಆಕೆ ಹೆಗಲಿನ ಚೀಲವನ್ನು ಬಿಚ್ಚಿ ಅವತ್ತು ಹೊಸದಾಗಿ ಬಂದ ಡ್ರಾಯಿಂಗುಗಳ ಸುರುಳಿಯನ್ನೆಲ್ಲ ಅದೇ ಮೇಜಿನ ಮೇಲೆ ಸುರಿದರು.

"ಇನ್ ಮ್ಯಾಲೆ ಇವು ಮನೀಗೆ ಬರೂದಿಲ್ಲ," ಎಂದರು. "ಇಲ್ಲೇ ಓದ್ರಿ. ನನಗೂ ಸಾಕಾಗೈತಿ."

ಸೂಪರ್‌ವೈಸರ್ ಮೇಲಿನದನ್ನು ಬಿಡಿಸಿ ಅಳತೆಗಳನ್ನು ಜೋರಾಗಿ ಓದತೊಡಗಿದ. ಮಾಲೀಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ಒಂದು ಕಡೆ ತಡೆದು, "ಅದನ್ನ ಮತ್ತೊಮ್ಮೆ ಓದು, ಬಾಗಿಲು ಕುಂಡ್ರಂಗಿಲ್ಲ ಹಂಗಾದ್ರ," ಎಂದರು. ಅವನು ಮತ್ತೊಮ್ಮೆ ಓದಿದ. ತಪ್ಪು ಡ್ರಾಯಿಂಗಿನಲ್ಲೇ ಇತ್ತು, ಕಳಿಸಿದವರಿಗೆ ಅಲ್ಲಿಂದಲೇ ಫೋನು ಮಾಡಿದರು.

ಆ ಗೀಟನ್ನು ನೋಡಿ ಕೋಚ್ ಕೂಗಾಡಿದ. ಹೊಸ ಪ್ರತಿಗೆ ಸಹಿ ಮಾಡಿಸಿ ಕಳಿಸಿ ಎಂದ. ಮಾಡಿಸುವುದಿಲ್ಲ ಎಂದೆ. ಗಡುವಿನ ದಿನದವರೆಗೆ ನನ್ನನ್ನು ತೂಗುಹಾಕಿ, ಕೊನೆಗೆ ಮೇಲಿನವರು ಇದೊಂದು ಸಲಕ್ಕೆ ಎಂದು ಒಪ್ಪಿದರು. ಕುಷಾಯಿಗೂಡ ನನ್ನದಾಗಿ ಉಳಿಯಿತು. ಅಪ್ಪ ಆ ಕರಾರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದರಾಗ ಕಾಣ್ತೀ ನೋಡು," ಎಂದರು.

ಆದರೆ ಕೆಲಸ ನನ್ನದಾಯಿತು ಎಂದು ನನಗನ್ನಿಸಿದ್ದು ಆ ಒಪ್ಪಿಗೆ ಬಂದ ದಿನ ಅಲ್ಲ, ಸಹಿಯಾದ ಮರುದಿನ ಬೆಳಿಗ್ಗೆ. ಎಂಟೂವರೆಗೆ ಶೆಡ್ಡಿಗೆ ಹೋದೆ. ಆಫೀಸು ಕೋಣೆಗೆ ಬೀಗ ಹಾಕಿತ್ತು, ಗಂಡ ಹೆಂಡತಿ ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗಿದ್ದರು. ಗೇಟಿನ ಹತ್ತಿರ ಯಾರೂ ಚೀಲದ ದಾರಿ ಕಾಯುತ್ತಿರಲಿಲ್ಲ. ಒಳಗೆ ಯಂತ್ರಗಳು ಆಗಲೇ ಓಡುತ್ತಿದ್ದವು.